ಕಾರಿಗೆ ಪೆಟ್ರೋಲ್ ಹಾಕಿಸುವಾಗ: ಕರಾವಳಿ ಮತ್ತು ಘಟ್ಟದ ಮೇಲಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಶಿರಸಿಯಲ್ಲಿ, ಕೆಲಸ ಕಾರವಾರದಲ್ಲಿ. ಹೆಚ್ಚುಕಡಿಮೆ ಪ್ರತಿ ವಾರ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿ ಇಳಿಯುತ್ತೇನೆ. ಹೊಸದಾಗಿ ಕಾರು ತಗೊಂಡವರು, ಬೆಂಗಳೂರಿನಿಂದ ರಜೆಗೆ ಬಂದು ಊರಲ್ಲಿ ಗಾಡಿ ಓಡಿಸುವವರು ಪೆಟ್ರೋಲ್ ವಿಷಯದಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಬಹುತೇಕ ಇವೇ. ಉತ್ತರಗಳು ನಮ್ಮ ಜಿಲ್ಲೆಯ ರಸ್ತೆ, ಮಳೆ, ಘಟ್ಟ ನೋಡಿ ಬರೆದವು.

ಟ್ಯಾಂಕ್ ಎಷ್ಟಕ್ಕೆ ಇಳಿದಾಗ ಪೆಟ್ರೋಲ್ ಹಾಕಿಸಬೇಕು?

ಬೇಸಿಗೆಯಲ್ಲಿ ಕಾಲು ಟ್ಯಾಂಕಿಗೆ ಬಂದಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧಕ್ಕೆ ಬಂದಾಗ. ಇದು ನಾನು ಬಿಡದೆ ಪಾಲಿಸುವ ಲೆಕ್ಕ.

ಹುಬ್ಬಳ್ಳಿ, ಬೆಂಗಳೂರಿನ ಕಡೆಯವರಿಗೆ ಇದು ಅತಿ ಅನ್ನಿಸಬಹುದು. ಅಲ್ಲಿ ಒಂದು ಬಂಕ್ ತಪ್ಪಿದರೆ ಮುಂದೆ ಇನ್ನೊಂದು ಸಿಗುತ್ತದೆ. ಒಂದು ರಸ್ತೆ ಬಂದಾದರೆ ಪಕ್ಕದ ರಸ್ತೆ ಇದೆ. ನಮ್ಮಲ್ಲಿ ಹಾಗಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಒಂದೇ ಹೆದ್ದಾರಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತಲ್ಲ, ಅದನ್ನು ಇಲ್ಲಿ ಯಾರೂ ಮರೆತಿಲ್ಲ. ಜೀವ ಹೋದವರ ಮನೆಯ ದುಃಖದ ಮುಂದೆ ಉಳಿದವರ ತೊಂದರೆ ಏನೂ ಅಲ್ಲ. ಆದರೆ ಆ ಹೆದ್ದಾರಿ ಎಷ್ಟೋ ದಿನ ಬಂದಾಯಿತು. ಕಾರವಾರದಿಂದ ಕುಮಟಾ ಮೇಲೆ ಶಿರಸಿಗೆ ಹೋಗುವ ನಾನು ಅಂಕೋಲಾದಲ್ಲೇ ತಿರುಗಿ, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ಸುತ್ತಿ ಮನೆ ಸೇರಬೇಕಾಯಿತು. ದೂರ ಜಾಸ್ತಿ. ಲಾರಿ, ಬಸ್ಸು ಎಲ್ಲವೂ ಅದೇ ದಾರಿಗೆ ಬಂದಿದ್ದರಿಂದ ಘಟ್ಟದಲ್ಲಿ ಒಂದೊಂದೇ ಗಾಡಿ ಹೆಜ್ಜೆ ಹಾಕಿದ ಹಾಗೆ ಹೋಗುತ್ತಿತ್ತು. ಮಳೆಗೆ ಗಾಜಿನ ಮೇಲೆ ಹಬೆ ಕೂರುತ್ತದೆ, ಎಸಿ ಆಫ್ ಮಾಡುವ ಹಾಗಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪ ಕೂತಿದ್ದರು. ನಾನು ರಸ್ತೆಗಿಂತ ಜಾಸ್ತಿ ಪೆಟ್ರೋಲ್ ಮುಳ್ಳನ್ನೇ ನೋಡುತ್ತಿದ್ದೆ. ಹೊರಡುವಾಗ ಕಾಲು ಟ್ಯಾಂಕ್ ಇತ್ತು, ಮಾಮೂಲಿ ದಾರಿಗೆ ಸಾಕು ಅಂದುಕೊಂಡಿದ್ದೆ. ಯಲ್ಲಾಪುರದ ಬಂಕಿಗೆ ಬಂದು ನಿಂತಾಗ ಲೈಟ್ ಹತ್ತಿ ತುಂಬಾ ಹೊತ್ತಾಗಿತ್ತು. ಅವತ್ತಿನಿಂದ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಅಂದರೆ ನನಗೆ ಖಾಲಿ ಟ್ಯಾಂಕ್.

ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟದ ಮೇಲೆ ಜೋಯಿಡಾ, ದಾಂಡೇಲಿ ಕಡೆ ಹೋಗುವವರಿಗೂ ಇದೇ ಮಾತು. ಅದು ಕಾಡಿನ ದಾರಿ. ಮುಂದೆ ಎಲ್ಲಾದರೂ ಬಂಕ್ ಸಿಗಬಹುದು ಎಂದು ನಂಬಿ ಹೊರಡಬೇಡಿ. ಕಾರವಾರದಲ್ಲೇ ತುಂಬಿಸಿಕೊಳ್ಳಿ.

ಲೈಟ್ ಹತ್ತಿದ ಮೇಲೆ ಇನ್ನೂ ಐವತ್ತು ಕಿಲೋಮೀಟರ್ ಹೋಗುತ್ತೆ ಅಂತಾರೆ, ನಿಜಾನಾ?

ಸಪಾಟು ರಸ್ತೆಯಲ್ಲಿ ಹೋಗಬಹುದು. ಸುಮಾರು ಕಾರುಗಳಲ್ಲಿ ಲೈಟ್ ಹತ್ತಿದಾಗ ಕೆಲವು ಲೀಟರ್ ಉಳಿದಿರುತ್ತದೆ. ನಿಮ್ಮ ಕಾರಿನಲ್ಲಿ ಎಷ್ಟು ಎಂಬುದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ, ಒಮ್ಮೆ ತೆಗೆದು ನೋಡಿ.

ಘಟ್ಟದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಟ್ಯಾಂಕಿನೊಳಗೆ ಒಂದು ತೇಲುವ ಬುರುಡೆ ಇರುತ್ತದೆ, ಮುಳ್ಳು ಅದರ ಜೊತೆ ಏರಿಳಿಯುತ್ತದೆ. ಕಾರು ಏರಿನಲ್ಲಿ ಓರೆಯಾದರೆ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಮುಳ್ಳು ಸುಳ್ಳು ಹೇಳುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಇದೆ, ಅದರ ಸುತ್ತ ಇರುವ ಪೆಟ್ರೋಲೇ ಅದನ್ನು ತಣ್ಣಗಿಡುತ್ತದೆ. ತಳದಲ್ಲಿ ಸ್ವಲ್ಪವೇ ಉಳಿದಾಗ ತಿರುವು, ಏರಿನಲ್ಲಿ ಪಂಪು ಪೆಟ್ರೋಲ್ ಬದಲು ಗಾಳಿ ಎಳೆಯಬಹುದು. ಗಾಡಿ ಜರ್ಕ್ ಹೊಡೆಯುತ್ತದೆ, ಘಟ್ಟದ ತಿರುವಿನಲ್ಲೇ ಆಫ್ ಆಗಲೂಬಹುದು. ದಿನಾ ರಿಸರ್ವಿನಲ್ಲೇ ಓಡಿಸುವವರ ಪಂಪು ಬೇಗ ಹಾಳಾಗುತ್ತದೆ.

ಕುಮಟಾದಿಂದ ಶಿರಸಿಗೆ ಹತ್ತುವಾಗ ಎಷ್ಟು ಜಾಸ್ತಿ ಪೆಟ್ರೋಲ್ ಬೇಕು?

ನನಗೆ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಲೆಕ್ಕ ಹಾಕಿ ಹೇಳಬಹುದು. ಕುಮಟಾ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1200 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು 7 ಮೆಗಾಜೂಲ್‌ನಷ್ಟು ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್‌ನ ಹತ್ತಿರ ಇದೆ. ಆದರೆ ಎಂಜಿನ್ ಅದರಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಂದರೆ ಬರೀ ಎತ್ತರ ಏರಲಿಕ್ಕೇ ಒಂದು ಲೀಟರಿನ ಹತ್ತಿರ ಬೇಕು. 60 ಕಿಲೋಮೀಟರಿನ ಹತ್ತಿರದ ದಾರಿಗೆ ಮಾಮೂಲಿಯಾಗಿ ನಾಲ್ಕು ಲೀಟರ್ ಸಾಕಾಗುವ ಕಾರಿಗೆ ಐದು ಬೇಕು ಅನ್ನಿ. ದಾರಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು ಮೊದಲ ಗೇರು, ಎರಡನೇ ಗೇರಿನಲ್ಲೇ ಹತ್ತಿದರೆ ಇನ್ನೂ ಜಾಸ್ತಿ.

ಹಾಗಾದ್ರೆ ಇಳಿಯುವಾಗ ನ್ಯೂಟ್ರಲ್ ಹಾಕಿ ಉಳಿಸಬಹುದಲ್ವಾ?

ದಯವಿಟ್ಟು ಬೇಡ. ಇದು ನಮ್ಮ ಕಡೆ ಹಳೇ ರೂಢಿ, ಎಷ್ಟೋ ಹಿರಿಯರು ಇದನ್ನೇ ಕಲಿಸಿದ್ದಾರೆ. ಕಾರ್ಬುರೇಟರ್ ಕಾಲದಲ್ಲಿ ಅದರಿಂದ ಸ್ವಲ್ಪ ಉಳಿಯುತ್ತಿತ್ತೇನೋ. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಗೇರು ಹಾಕಿಯೇ ಎಕ್ಸಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಸಿಂಪಡಿಸುವುದೇ ನಿಂತು ಹೋಗುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತಾನಾಗಿ ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕು. ಉಳಿಸಲು ಹೋಗಿ ಖರ್ಚು ಮಾಡಿದ ಹಾಗೆ.

ದುಡ್ಡಿನ ಮಾತು ಬಿಡಿ. ನ್ಯೂಟ್ರಲ್‌ನಲ್ಲಿ ದೇವಿಮನೆ ಇಳಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಆಗಲೇ ತಡವಾಗಿದೆ ಎಂದರ್ಥ. ಹತ್ತುವಾಗ ಯಾವ ಗೇರಿತ್ತೋ ಇಳಿಯುವಾಗಲೂ ಅದೇ ಗೇರು. ಈ ಮಾತನ್ನು ಲಾರಿ ಡ್ರೈವರುಗಳು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಗೋವಾಕ್ಕೆ ಹೋಗಿ ಪೆಟ್ರೋಲ್ ಹಾಕಿಸಿದರೆ ಲಾಭವಾ?

ಕಾರವಾರದವರ ದೊಡ್ಡ ಪ್ರಶ್ನೆ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗೋವಾದ ಪೋಳೆಂ. ಊರಿನಿಂದ ಹದಿನೈದು ಕಿಲೋಮೀಟರಿನ ಆಸುಪಾಸು. ಅಲ್ಲಿ ರೇಟು ಕಡಿಮೆ ಎಂಬುದು ನಿಜ. 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ 3 ರೂಪಾಯಿ ಜಾಸ್ತಿಯಾಯಿತು. ಡೀಸೆಲ್ ಕೂಡ ಸುಮಾರು 3 ರೂಪಾಯಿ ಏರಿತು. ಮರುವರ್ಷ ಏಪ್ರಿಲ್‌ನಲ್ಲಿ ಡೀಸೆಲ್ ಮತ್ತೆ 2 ರೂಪಾಯಿ ಏರಿತು. ಅಂತರ ದೊಡ್ಡದಾದಷ್ಟೂ ಗಡಿ ದಾಟುವ ಆಸೆ ಜಾಸ್ತಿ.

ಲೆಕ್ಕ ನೋಡೋಣ. ಲೀಟರಿಗೆ 6 ರೂಪಾಯಿ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. 30 ಲೀಟರ್ ಹಾಕಿಸಿದರೆ 180 ರೂಪಾಯಿ. ಹೋಗಿ ಬರಲು 30 ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಾದರೆ 2 ಲೀಟರ್, ಅಂದರೆ 200 ರೂಪಾಯಿಯ ಆಸುಪಾಸು. ಉಳಿದದ್ದಕ್ಕಿಂತ ಕಳೆದದ್ದೇ ಜಾಸ್ತಿ, ಮೇಲೆ ಒಂದು ಗಂಟೆ ಹೋಯಿತು. ಸ್ಕೂಟರಿನವರಿಗೆ ಇನ್ನೂ ನಷ್ಟ. ಐದು ಲೀಟರಿಗೆ 30 ರೂಪಾಯಿ ಉಳಿಸಲು ಅದರ ದುಪ್ಪಟ್ಟು ಸುಡುತ್ತಾರೆ.

ಮಾಜಾಳಿಯಲ್ಲೇ ಮನೆ ಇದ್ದವರ ಮಾತು ಬೇರೆ, ಅವರಿಗೆ ಅದೇ ಹತ್ತಿರ. ಹೇಗೂ ಮಡಗಾಂವಿಗೋ ಕಾಣಕೋಣಕ್ಕೋ ಹೋಗುವ ಕೆಲಸ ಇದ್ದರೆ ಬರುವಾಗ ತುಂಬಿಸಿಕೊಂಡು ಬನ್ನಿ. ಪೆಟ್ರೋಲಿಗೆಂದೇ ಹೋಗುವುದು ನನ್ನ ಪ್ರಕಾರ ಸುಮ್ನೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೇ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದ ಮೇಲೆ ಹೊಸ ಸೇತುವೆಯ ಮೇಲೇ ಎರಡೂ ಕಡೆಯ ಗಾಡಿಗಳನ್ನು ಬಿಟ್ಟಿದ್ದರು. ಆ ಸಾಲಿನಲ್ಲಿ ಎಂಜಿನ್ ಆನ್ ಇಟ್ಟು ಕಾದವರಿಗೆ ಗೋವಾದ ಉಳಿತಾಯ ಎಲ್ಲಿ ಹೋಯಿತು ಎಂದು ಗೊತ್ತು.

ಕಾರವಾರದ ರೇಟು ಒಂದು, ಶಿರಸಿಯ ರೇಟು ಇನ್ನೊಂದು. ಯಾಕೆ?

ಸಾಗಾಣಿಕೆ ಖರ್ಚು. ಡಿಪೋದಿಂದ ಬಂಕಿಗೆ ಟ್ಯಾಂಕರ್ ಎಷ್ಟು ದೂರ ಬರಬೇಕೋ ಅದರ ಮೇಲೆ ಪೈಸೆಗಳ ಲೆಕ್ಕದಲ್ಲಿ ವ್ಯತ್ಯಾಸ ಆಗುತ್ತದೆ. ಒಂದೇ ಜಿಲ್ಲೆಯ ಎರಡು ಊರಿನಲ್ಲಿ ರೇಟು ಬೇರೆ ಇದ್ದರೆ ಮೋಸ ಎಂದುಕೊಳ್ಳಬೇಡಿ. 2017ರ ಜೂನ್ 16ರಿಂದ ದೇಶದಲ್ಲಿ ದಿನಾ ಬೆಳಿಗ್ಗೆ 6ಕ್ಕೆ ರೇಟು ಪರಿಷ್ಕರಿಸುವ ಪದ್ಧತಿ ಬಂದಿದೆ.

500ರ ಬದಲು 510ಕ್ಕೆ ಹಾಕಿಸಿದರೆ ಮೋಸ ಆಗಲ್ಲ ಅಂತಾರಲ್ಲ?

ಅದರಿಂದ ಏನೂ ಆಗುವುದಿಲ್ಲ. ಮಿಷನ್ ಅಳೆಯುವುದು ಲೀಟರನ್ನು. ಅದು ಸರಿಯಿದ್ದರೆ 500ಕ್ಕೂ ಸರಿ, 510ಕ್ಕೂ ಸರಿ. ಕೆಟ್ಟಿದ್ದರೆ ಎರಡಕ್ಕೂ ಕೆಟ್ಟಿದೆ.

ನಿಜವಾಗಿ ಕಾಯುವುದು ನಿಮ್ಮ ಕಣ್ಣು. ಕಾರಿನಿಂದ ಇಳಿಯಿರಿ. ಕಿಟಕಿಯಿಂದ ಕೈ ಹೊರಗೆ ಹಾಕಿ ನೋಟು ಕೊಟ್ಟು ಫೋನ್ ನೋಡುತ್ತಾ ಕೂರಬೇಡಿ. ಮಿಷನ್ ಮೇಲೆ ಸೊನ್ನೆ ಬಂದಿದೆಯೇ ನೋಡಿ, ಆ ದಿನದ ರೇಟು ನೋಡಿ, ಆಮೇಲೆ ಹಾಕಲು ಹೇಳಿ. ನಮ್ಮ ಕಡೆಯ ಬಂಕುಗಳಲ್ಲಿ ಹುಡುಗರೇ "ಜೀರೋ ನೋಡಿ ಸರ್" ಎಂದು ಹೇಳುತ್ತಾರೆ. ಹೇಳಿದಾಗ ತಿರುಗಿ ನೋಡಿ. ದಿನವಿಡೀ ನಿಂತು ಕೆಲಸ ಮಾಡುವ ಹುಡುಗ ಅಷ್ಟು ಕಾಳಜಿಯಿಂದ ಹೇಳಿದ್ದಕ್ಕೆ ನಾವು ಕೊಡುವ ಮರ್ಯಾದೆ ಅದು.

ಅನುಮಾನ ಬಂದರೆ 5 ಲೀಟರಿನ ಅಳತೆ ಡಬ್ಬ ಕೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಆ ಡಬ್ಬ ಪ್ರತಿ ಬಂಕಿನಲ್ಲೂ ಇರಲೇಬೇಕು. ನಿಮ್ಮ ಎದುರೇ ಅದಕ್ಕೆ ಹಾಕಿ ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್‌ವರೆಗಿನ ಹೆಚ್ಚುಕಡಿಮೆಗೆ ಕಾನೂನಿನಲ್ಲೇ ಅವಕಾಶ ಇದೆ, ಅದಕ್ಕಿಂತ ಜಾಸ್ತಿ ಕಡಿಮೆಯಾದರೆ ದೂರು ಕೊಡಿ. ದೂರಿನ ಪುಸ್ತಕ ಬಂಕಿನಲ್ಲೇ ಇರುತ್ತದೆ. ಚಕ್ರಕ್ಕೆ ಗಾಳಿ, ಕುಡಿಯುವ ನೀರು, ಶೌಚಾಲಯ ಪುಕ್ಕಟೆ ಸಿಗಬೇಕು ಎಂಬುದೂ ನೆನಪಿರಲಿ. ಕೇಳಲು ಸಂಕೋಚ ಬೇಡ.

35 ಲೀಟರಿನ ಟ್ಯಾಂಕಿಗೆ 37 ಲೀಟರ್ ಹೋಯಿತು. ಇದು ಮೋಸ ತಾನೇ?

ಇರಲಿಕ್ಕಿಲ್ಲ. ಕಂಪನಿಯವರು ಹೇಳುವ ಅಳತೆ ಬಾಯಿವರೆಗಿನದ್ದಲ್ಲ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ಅದಕ್ಕೆ ಮೇಲೆ ಜಾಗ ಬಿಟ್ಟಿರುತ್ತಾರೆ. ಕೊಳವೆಯಲ್ಲೂ ಸ್ವಲ್ಪ ಹಿಡಿಯುತ್ತದೆ. ನಾಜಲ್ ತಾನಾಗಿ ಕಟ್ ಆದ ಮೇಲೂ "ಇನ್ನೂ ಸ್ವಲ್ಪ ಹಾಕು ಮಾರಾಯ" ಎಂದು ಗಾಡಿ ಅಲ್ಲಾಡಿಸಿ ತುಂಬಿಸಿದರೆ ಆ ಜಾಗವೂ ತುಂಬುತ್ತದೆ. ಹಾಗೆ ಮಾಡಬೇಡಿ. ಟ್ಯಾಂಕಿನ ಆವಿ ಹಿಡಿಯಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಪೆಟ್ರೋಲ್ ಅದರೊಳಗೆ ನುಗ್ಗಿದರೆ ಆ ಡಬ್ಬಿ ಹಾಳು, ಬದಲಿಸಲು ಸಾವಿರಗಟ್ಟಲೆ ಖರ್ಚು. ಮೊದಲ ಕಟ್‌ಗೆ ನಿಲ್ಲಿಸಿ.

ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತಾ?

ಬಂಕಿನ ಟ್ಯಾಂಕು ನೆಲದಡಿ ಇದೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ದೊಡ್ಡ ಬದಲಾವಣೆ ಇಲ್ಲ. ಎರಡು ಡಿಗ್ರಿ ವ್ಯತ್ಯಾಸ ಹಿಡಿದರೂ 30 ಲೀಟರಿಗೆ 60 ಮಿಲಿಲೀಟರ್. ಒಂದು ಚಾದ ದುಡ್ಡೂ ಆಗುವುದಿಲ್ಲ. ನಿದ್ದೆ ಕೆಡಿಸಿಕೊಳ್ಳಬೇಡಿ.

ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಬಿಟ್ಟರೆ ಏನು ಮಾಡಬೇಕು?

ಕೀ ಮುಟ್ಟಬೇಡಿ. ಸ್ಟಾರ್ಟ್ ಮಾಡುವುದಿರಲಿ, ಇಗ್ನಿಷನ್ ಕೂಡ ಆನ್ ಮಾಡಬೇಡಿ.

ಇದು ನನಗೇ ಆಗಿದೆ. ಭಾವನ ಡೀಸೆಲ್ ಕಾರು ತಗೊಂಡು ಹೋಗಿದ್ದೆ. ಕರಾವಳಿಯ ಒಂದು ಬಂಕು, ಜೋರು ಮಳೆ. ನಾನು ಕಾರಿನೊಳಗೇ ಕೂತು ಕಿಟಕಿ ಎರಡು ಬೆರಳಷ್ಟು ಇಳಿಸಿ "ಎರಡು ಸಾವಿರಕ್ಕೆ ಹಾಕು ತಮಾ" ಎಂದೆ. ಡೀಸೆಲ್ ಎಂದು ಹೇಳಲಿಲ್ಲ. ಹುಡುಗ ಹೊಸಬ. ಸ್ವಲ್ಪ ಹೊತ್ತಿಗೆ ಮೂಗಿಗೆ ಚುರುಕಾದ ವಾಸನೆ ಬಡಿಯಿತು. ಡೀಸೆಲ್ ವಾಸನೆ ಹಾಗಿರುವುದಿಲ್ಲ, ಅದು ಎಣ್ಣೆಯ ಹಾಗೆ ಭಾರ. ಬಾಗಿಲು ತೆಗೆದು ಓಡಿ ಬಂದು ನೋಡಿದರೆ ಮಿಷನ್ ಮೂರು ಲೀಟರ್ ದಾಟಿತ್ತು. ನಾಜಲ್ ಬಾಯಿಂದ ಹನಿ ಬಿದ್ದ ಕಡೆ ಒದ್ದೆ ಸಿಮೆಂಟಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡುತ್ತಿತ್ತು. ಹುಡುಗನ ಮುಖ ಬಿಳಿಚಿಕೊಂಡಿತು. "ಸಂಬಳದಲ್ಲಿ ಹಿಡೀತಾರೆ ಸರ್" ಎಂದ. ತಪ್ಪು ಅವನದ್ದಷ್ಟೇ ಅಲ್ಲವಲ್ಲ. ಅವನು, ಗಾಳಿ ತುಂಬುವ ಅಜ್ಜ, ನಾನು ಸೇರಿ ಕಾರನ್ನು ಪಕ್ಕಕ್ಕೆ ದೂಡಿದೆವು. ಮೆಕ್ಯಾನಿಕ್ ಬಂದು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬದಲಿಸಿ ಹೊಸ ಡೀಸೆಲ್ ಹಾಕಿದ. ಸಂಜೆಯಾಯಿತು, ಆದರೆ ಎಂಜಿನ್ ಉಳಿಯಿತು.

ಡೀಸೆಲ್ ಗಾಡಿಯ ಪಂಪಿಗೆ ಡೀಸೆಲ್ಲೇ ಎಣ್ಣೆಯ ಕೆಲಸ ಮಾಡುತ್ತದೆ. ಪೆಟ್ರೋಲ್ ಹೋದರೆ ಆ ಜಿಡ್ಡು ತೊಳೆದು ಹೋಗಿ ಲೋಹಕ್ಕೆ ಲೋಹ ತಿಕ್ಕುತ್ತದೆ. ಸ್ಟಾರ್ಟ್ ಮಾಡಿದ್ದರೆ ಪಂಪು, ಇಂಜೆಕ್ಟರ್ ಎಲ್ಲಕ್ಕೂ ಕೈ ಹಾಕಬೇಕಿತ್ತು. ಈಗ ನಾನು ಇಳಿದು, ಮುಚ್ಚಳದ ಹತ್ತಿರ ನಿಂತು, ಮೊದಲು ಯಾವುದು ಎಂದು ಹೇಳಿ ಆಮೇಲೆ ಎಷ್ಟು ಎಂದು ಹೇಳುತ್ತೇನೆ.

ಇ20 ಪೆಟ್ರೋಲಿನಿಂದ ಮೈಲೇಜ್ ಬಿತ್ತು ಅಂತಾರೆ. ನಮ್ಮ ಮಳೆಗೆ ಅದು ಆಗಿಬರುತ್ತಾ?

ಇ20 ಅಂದರೆ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟರು, ಈಗ ಮಾಮೂಲಿ ಪೆಟ್ರೋಲೇ ಅದು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳುವುದು ಸಹಜ. ನೀತಿ ಆಯೋಗದ 2021ರ ವರದಿಯ ಪ್ರಕಾರ ಇ20ಗೆಂದೇ ಹೊಂದಿಸಿದ ಕಾರಿನಲ್ಲಿ ಶೇಕಡಾ 1ರಿಂದ 2, ಹಳೇ ಕಾರುಗಳಲ್ಲಿ ಶೇಕಡಾ 6ರಿಂದ 7ರವರೆಗೆ ಬೀಳಬಹುದು. ನಿಮ್ಮ ಕಾರು 2023ರ ಏಪ್ರಿಲ್‌ಗಿಂತ ಹಳೆಯದಾದರೆ ರಬ್ಬರ್ ಪೈಪು, ಸೀಲುಗಳನ್ನು ಸರ್ವೀಸಿನಲ್ಲಿ ಒಮ್ಮೆ ನೋಡಿಸಿ.

ಮಳೆಯ ಮಾತು ಮುಖ್ಯ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಬರೀ ಪೆಟ್ರೋಲ್ ಇದ್ದಾಗ ನೀರು ಬೇರೆಯಾಗಿ ತಳದಲ್ಲಿ ಕೂರುತ್ತಿತ್ತು. ಈಗ ಎಥೆನಾಲ್ ಅದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಎಥೆನಾಲ್, ನೀರು ಎರಡೂ ಒಟ್ಟಿಗೇ ಪೆಟ್ರೋಲಿನಿಂದ ಬೇರ್ಪಟ್ಟು ಕೆಳಗಿಳಿಯುತ್ತವೆ, ಅಂಥದ್ದು ಎಂಜಿನ್ನಿಗೆ ಹೋದರೆ ಗಾಡಿ ನಿಲ್ಲುತ್ತದೆ. ಅದಕ್ಕೇ ಟ್ಯಾಂಕಿನ ಮುಚ್ಚಳದ ರಬ್ಬರ್ ನೋಡಿ. ಕಡಲ ಕಡೆಯ ಉಪ್ಪುಗಾಳಿಗೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ, ಸುತ್ತಲ ತಗಡು ತುಕ್ಕು ಹಿಡಿಯುತ್ತದೆ. ಜೋರು ಮಳೆಯಲ್ಲಿ ಸೂರಿಲ್ಲದ ಕಡೆ ಮುಚ್ಚಳ ತೆಗೆಸಬೇಡಿ. ಬಂಕಿನಲ್ಲಿ ಟ್ಯಾಂಕರ್ ಲೋಡ್ ಇಳಿಸುತ್ತಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಹೋಗಿ, ತಳದ ಗಸಿ ಎದ್ದಿರಬಹುದು. ಊರಲ್ಲಿ ಕಾರು ಬಿಟ್ಟು ತಿಂಗಳುಗಟ್ಟಲೆ ಹೊರಗೆ ಇರುವವರು ಹೋಗುವ ಮೊದಲು ಟ್ಯಾಂಕ್ ತುಂಬಿಸಿಡಿ, ಒಳಗೆ ಗಾಳಿ ಕಡಿಮೆಯಾದಷ್ಟೂ ತೇವ ಕಡಿಮೆ. ಮನೆಯವರಿಗೆ ಹೇಳಿ ವಾರಕ್ಕೊಮ್ಮೆ ಓಡಿಸಲಿ.

ಬಾಟಲಿಯಲ್ಲಿ ಪೆಟ್ರೋಲ್ ಕೊಡಲ್ಲ ಅಂತಾರೆ, ಯಾಕೆ?

ಕೊಡಬಾರದು, ಅದಕ್ಕೆ. ಪೆಟ್ರೋಲ್ ಮಾಮೂಲಿ ಶೆಕೆಯಲ್ಲೇ ಆವಿಯಾಗಿ ಕಿಡಿ ಹಿಡಿಯುವ ವಸ್ತು. ನೀರಿನ ಬಾಟಲಿ, ಎಣ್ಣೆ ಕ್ಯಾನು ಅದಕ್ಕೆ ಮಾಡಿದ್ದಲ್ಲ. ಕಳೆ ಕಡಿಯುವ ಮಿಷನ್ನಿಗೆ ತೋಟದವರಿಗೆ ಪೆಟ್ರೋಲ್ ಬೇಕೇ ಬೇಕು, ಆ ಕಷ್ಟ ನನಗೂ ಗೊತ್ತು. ಗಟ್ಟಿ ಮುಚ್ಚಳದ ಲೋಹದ ಡಬ್ಬ ಇಟ್ಟುಕೊಳ್ಳಿ, ಅದನ್ನು ನೆಲದ ಮೇಲಿಟ್ಟು ತುಂಬಿಸಿ. ಮಕ್ಕಳು ಕೂತ ಕಾರಿನೊಳಗೆ ತರಬೇಡಿ.

ಫೋನಿನಲ್ಲೇ ದುಡ್ಡು ಕೊಡುವುದು ರೂಢಿಯಾಗಿದೆ. ತೊಂದರೆ ಇದೆಯಾ?

ನಾಜಲ್ ಹತ್ತಿರ ನಿಂತು ಬೇಡ. ಮುಚ್ಚಳ ಹಾಕಿದ ಮೇಲೆ ಆ ಕಡೆ ಸರಿದು ಕೊಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮ ಕಡೆ ನೆಟ್‌ವರ್ಕೂ ಹೋಗುತ್ತದೆ. ಹಾಕಿಸಿದ ಮೇಲೆ ದುಡ್ಡು ಹೋಗದೆ ಒದ್ದಾಡುವವರನ್ನು ನೋಡಿದ್ದೇನೆ. ಕಾರಿನಲ್ಲಿ ಐನೂರರ ಎರಡು ನೋಟು ಯಾವಾಗಲೂ ಇರಲಿ.

ನನ್ನ ಕಾರಿನ ನಿಜವಾದ ಮೈಲೇಜ್ ಗೊತ್ತು ಮಾಡೋದು ಹೇಗೆ?

ಡ್ಯಾಶ್‌ಬೋರ್ಡಿನ ಅಂಕಿ ನಂಬಬೇಡಿ. ಒಂದು ಬಂಕಿನಲ್ಲಿ ಮೊದಲ ಕಟ್‌ವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುನ್ನೂರು ಕಿಲೋಮೀಟರ್ ಓಡಿಸಿ ಅದೇ ಬಂಕಿನ ಅದೇ ಮಿಷನ್ನಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ಹಾಕಿಸಿ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಘಟ್ಟ ಹತ್ತಿದ್ದನ್ನಷ್ಟೇ ಅಳೆದರೆ ಬೇಜಾರಾಗುತ್ತದೆ, ಇಳಿದದ್ದನ್ನಷ್ಟೇ ಅಳೆದರೆ ಖುಷಿಯಾಗುತ್ತದೆ. ಶಿರಸಿಯಲ್ಲಿ ತುಂಬಿಸಿ ಕಾರವಾರಕ್ಕೆ ಹೋಗಿ ಬಂದು ಮತ್ತೆ ಶಿರಸಿಯಲ್ಲೇ ತುಂಬಿಸಿದರೆ ಲೆಕ್ಕ ಸರಿಯಾಗುತ್ತದೆ. ನನ್ನ ಕಾರಿನ ಬಾಗಿಲ ಚೀಲದಲ್ಲಿ ಇದಕ್ಕೆಂದೇ ಒಂದು ಚಿಕ್ಕ ಪುಸ್ತಕ ಇದೆ. ಒಂದೇ ದಾರಿಗೆ ಮೈಲೇಜ್ ಇದ್ದಕ್ಕಿದ್ದ ಹಾಗೆ ಇಳಿದದ್ದು ಕಂಡರೆ ಮೊದಲು ಚಕ್ರದ ಗಾಳಿ ನೋಡುತ್ತೇನೆ, ಆಮೇಲೆ ಗ್ಯಾರೇಜು.